ಗಂಟೆ ಲೆಕ್ಕದ ಗಾಳಿ

ಗಾಳಿಗೆ ಯಾರೂ ಕಂದಾಯ ಕಟ್ಟುವುದಿಲ್ಲ ಅಂತ ನಾವು ನಂಬಿಕೊಂಡು ಬಂದಿದ್ದೇವೆ. ಭೂಮಿಗೆ ಬೇಲಿ ಬಿತ್ತು. ಬಾವಿಗೆ ಬೇಲಿ ಬಿತ್ತು. ಗುಡಿಗೆ, ಅಕ್ಷರಕ್ಕೆ, ಕಡೆಗೆ ಸುಡುಗಾಡಿಗೂ ಬೇಲಿ ಬಿತ್ತು. ಗಾಳಿಯೊಂದಾದರೂ ಉಳಿಯಿತಲ್ಲ ಅನ್ನುವುದು ನಮ್ಮ ಹಿರಿಯರ ಸಮಾಧಾನವಾಗಿತ್ತು. ಕೇರಿಯ ಗಾಳಿ ಊರಿನ ಮೇಲೆ ಬೀಸದ ಹಾಗೆ ದಿಕ್ಕು ನೋಡಿ ಕೇರಿಯನ್ನು ಕೂರಿಸಿದ ಊರುಗಳು ಇದ್ದಾವೆ. ಆದರೂ ಬೀಸಿದ ಗಾಳಿಯನ್ನು ಎಳೆದುಕೊಳ್ಳಬೇಡ ಅನ್ನಲು ಯಾವ ಗೌಡನಿಗೂ ಆಗಲಿಲ್ಲ.

ಈ ಸಮಾಧಾನವನ್ನು ಒಂದು ಸಲ ಒರೆಗೆ ಹಚ್ಚಿ ನೋಡೋಣ. ಗಂಟೆ ಲೆಕ್ಕದಲ್ಲಿ ಮಾರಿದ ಗಾಳಿಯೊಂದು ಈ ಜಗತ್ತಿನಲ್ಲಿದೆ. ಅದರ ಹೆಸರು ನೈಟ್ರಿಕ್ ಆಕ್ಸೈಡ್. ಒಂದು ಸಾರಜನಕದ ಪರಮಾಣು, ಒಂದು ಆಮ್ಲಜನಕದ ಪರಮಾಣು, ಅಷ್ಟೆ. ನಗಿಸುವ ಅನಿಲ ಅಂತ ಶಾಲೆಯಲ್ಲಿ ಓದಿದ ನೈಟ್ರಸ್ ಆಕ್ಸೈಡ್ ಬೇರೆ, ಇದು ಬೇರೆ. ಸಿಡಿಲು ಹೊಡೆದಾಗ ಗಾಳಿಯಲ್ಲಿ ಇದು ಹುಟ್ಟುತ್ತದೆ. ಲಾರಿಯ ಹೊಗೆಯಲ್ಲಿದೆ, ಸಿಗರೇಟಿನ ಹೊಗೆಯಲ್ಲಿದೆ. ನಮ್ಮ ನಿಮ್ಮ ರಕ್ತನಾಳಗಳ ಒಳಪದರದಲ್ಲಿ, ಈ ಸಾಲು ಓದುತ್ತಿರುವ ಹೊತ್ತಿನಲ್ಲೂ, ಬಿಟ್ಟಿಯಾಗಿ ತಯಾರಾಗುತ್ತಿದೆ. ಹುಟ್ಟಿದ ಕೆಲವೇ ಕ್ಷಣದಲ್ಲಿ ಸಾಯುತ್ತದೆ. ಸಾಯುವ ಮುಂಚೆ ಒಂದು ಕೆಲಸ ಮಾಡುತ್ತದೆ: ಬಿಗಿದುಕೊಂಡ ರಕ್ತನಾಳಕ್ಕೆ ಸಡಿಲವಾಗು ಅನ್ನುತ್ತದೆ.

ಶ್ವಾಸಕೋಶ ಕೆಟ್ಟವರ ಕಷ್ಟ ಬರೀ ಗಾಳಿಯ ಕಷ್ಟವಲ್ಲ. ಅಲ್ಲಿನ ರಕ್ತನಾಳಗಳು ಬಿಗಿಯುತ್ತವೆ, ಸವೆದು ಕಿರಿದಾಗುತ್ತವೆ. ಹೃದಯದ ಬಲಭಾಗ ಅರ್ಧ ಮುಚ್ಚಿದ ಬಾಗಿಲ ಮೇಲೆ ರಕ್ತವನ್ನು ತಳ್ಳಿ ತಳ್ಳಿ ಸೋಲುತ್ತದೆ. ಕಾಲು ಊದುತ್ತದೆ, ತುಟಿ ನೀಲಿಗಟ್ಟುತ್ತದೆ, ಹತ್ತು ಹೆಜ್ಜೆ ಇಟ್ಟರೆ ಜಗಲಿ ಹಿಡಿದು ನಿಲ್ಲಬೇಕು. ಈ ಅನಿಲವನ್ನು ಮೂಗಿಗೆ ಕೊಟ್ಟರೆ ಆ ಬಾಗಿಲು ಸಡಿಲವಾದೀತೆ ಅನ್ನುವುದೇ ಈ ಚಿಕಿತ್ಸೆಯ ಆಸೆ.

ನಮ್ಮ ಪ್ರಶ್ನೆ ವೈದ್ಯರದ್ದಲ್ಲ. ಉಸಿರು ಕಳೆದುಕೊಂಡವನಿಗೆ ಸಮಾಜ ಏನನ್ನು ಕೊಡಬೇಕು, ಔಷಧಿಯನ್ನೋ ನ್ಯಾಯವನ್ನೋ? ಎರಡನ್ನೂ ಅಂದುಬಿಡುವುದು ಸುಲಭ. ಒಂದು ಇನ್ನೊಂದರ ಜಾಗದಲ್ಲಿ ಯಾವಾಗ ಬಂದು ಕೂತುಬಿಡುತ್ತದೆ ಅನ್ನುವುದನ್ನು ಕಣ್ಣಿಟ್ಟು ನೋಡುವುದು ಕಷ್ಟ. ಆ ಕಷ್ಟದ ಕೆಲಸವನ್ನು ಇಲ್ಲಿ ಸ್ವಲ್ಪ ಮಾಡೋಣ.

*

ಈ ಅನಿಲದ ಚರಿತ್ರೆ ಪ್ರಯೋಗಾಲಯದಲ್ಲಿ ಶುರುವಾಗಲಿಲ್ಲ. ಕಾರ್ಖಾನೆಯಲ್ಲಿ, ಕೂಲಿಯವರ ತಲೆನೋವಿನಲ್ಲಿ ಶುರುವಾಯಿತು.

1847ರಲ್ಲಿ ಇಟಲಿಯ ಅಸ್ಕಾನಿಯೊ ಸೊಬ್ರೆರೊ ಎಂಬಾತ ನೈಟ್ರೊಗ್ಲಿಸರಿನ್ ಮಾಡಿದ. ಮುಟ್ಟಿದರೆ ಸಿಡಿಯುವ ಎಣ್ಣೆ ಅದು. ಸ್ವೀಡನ್ನಿನ ಆಲ್‌ಫ್ರೆಡ್ ನೊಬೆಲ್ ಅದನ್ನು ಪಳಗಿಸಿ 1867ರಲ್ಲಿ ಡೈನಮೈಟ್ ಅಂತ ಪೇಟೆಂಟು ಮಾಡಿಸಿದ. ಆ ಸಿಡಿಮದ್ದಿನ ಕಾರ್ಖಾನೆಗಳಲ್ಲಿ ದುಡಿದವರಿಗೆ ಒಂದು ವಿಚಿತ್ರ ರೋಗ ಬರುತ್ತಿತ್ತು. ಸೋಮವಾರ ಕೆಲಸಕ್ಕೆ ಬಂದರೆ ತಲೆ ಸಿಡಿಯುವ ನೋವು. ವಾರ ಕಳೆಯುತ್ತಾ ಮೈಗೆ ಒಗ್ಗಿ ನೋವು ಇಳಿಯುತ್ತಿತ್ತು. ಭಾನುವಾರ ರಜೆ, ಸೋಮವಾರ ಮತ್ತೆ ಅದೇ. ಕೆಲವರಿಗೆ ರಜೆಯ ದಿನವೇ ಎದೆ ಹಿಡಿದುಕೊಳ್ಳುತ್ತಿತ್ತು. ಮೈಗೆ ಒಗ್ಗಿದ್ದು ಬಿಟ್ಟುಹೋಗದಿರಲಿ ಅಂತ ಆ ಮದ್ದಿನ ಚೂರನ್ನು ಟೋಪಿಯ ಪಟ್ಟಿಯೊಳಗೆ ಸಿಕ್ಕಿಸಿಕೊಂಡು ಮನೆಗೆ ಹೋಗುತ್ತಿದ್ದ ಕಾರ್ಮಿಕರಿದ್ದರು. ತಮ್ಮ ಮೈಯೇ ಅವರ ಪ್ರಯೋಗಾಲಯ. ಅವರು ಕಂಡುಕೊಂಡದ್ದು ಅವರ ಹೆಸರಲ್ಲಿ ಎಲ್ಲೂ ದಾಖಲಾಗಲಿಲ್ಲ.

1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮರ್ರೆಲ್ ಅದೇ ನೈಟ್ರೊಗ್ಲಿಸರಿನ್ನನ್ನು ಹನಿ ಲೆಕ್ಕದಲ್ಲಿ ಎದೆನೋವಿಗೆ ಕೊಟ್ಟ. ಕೆಲಸ ಮಾಡಿತು. ಯಾಕೆ ಮಾಡಿತು ಅಂತ ಸುಮಾರು ನೂರು ವರ್ಷ ಯಾರಿಗೂ ಗೊತ್ತಾಗಲಿಲ್ಲ. 1977ರಲ್ಲಿ ಫೆರಿದ್ ಮುರಾದ್, ಆ ಮದ್ದಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡೇ ನಾಳವನ್ನು ಸಡಿಲಿಸುತ್ತದೆ ಅಂತ ತೋರಿಸಿದರು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್, ರಕ್ತನಾಳದ ಒಳಪದರವೇ ಒಂದು ಸಡಿಲಿಸುವ ವಸ್ತುವನ್ನು ಹೊರಬಿಡುತ್ತದೆ ಅಂತ ಕಂಡರು. ಆ ವಸ್ತು ಈ ಅನಿಲವೇ ಅಂತ 1987ರ ಹೊತ್ತಿಗೆ ಖಚಿತವಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಮುರಾದ್ ಮೂವರಿಗೆ ನೊಬೆಲ್ ಬಹುಮಾನ ಬಂತು. ಡೈನಮೈಟಿನಿಂದ ಬಂದ ದುಡ್ಡು, ಡೈನಮೈಟಿನೊಳಗಿದ್ದ ಗುಟ್ಟನ್ನು ಒಡೆದವರಿಗೆ ಹೋಯಿತು. ಲೆಕ್ಕ ಸರಿಹೋಯಿತು ಅಂತ ಪುಸ್ತಕಗಳು ಇಲ್ಲಿಗೆ ಕತೆ ಮುಗಿಸುತ್ತವೆ.

ನಮಗೆ ಲೆಕ್ಕ ಇನ್ನೂ ಸರಿಹೋಗಿಲ್ಲ. ಯಾಕೆಂದರೆ ಆ ಸಿಡಿಮದ್ದು ಸಿಡಿದದ್ದು ಎಲ್ಲಿ, ಯಾರ ಮುಖದ ಮುಂದೆ ಅನ್ನುವುದು ಈ ಕತೆಯಲ್ಲಿ ಇಲ್ಲ.

*

ಸಿಡಿದ ಜಾಗಗಳಲ್ಲಿ ಒಂದು ನಮ್ಮದೇ ನೆಲದಲ್ಲಿದೆ. ಕೋಲಾರದ ಚಿನ್ನದ ಗಣಿ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿಯ ಕೈಕೆಳಗೆ ಅದು ನಡೆಯಿತು. ಒಳಗೆ ಇಳಿದವರಲ್ಲಿ ಬಹುಪಾಲು ಜನ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು. ಊರ ಜಮೀನುದಾರನ ಜೀತದಿಂದ ತಪ್ಪಿಸಿಕೊಂಡು ನೆಲದ ಮೇಲಿಂದ ನೆಲದ ಕೆಳಕ್ಕೆ ಹೋದವರು. ಚಾಂಪಿಯನ್ ರೀಫ್ ಗಣಿ ಮೂರು ಸಾವಿರ ಮೀಟರಿಗೂ ಹೆಚ್ಚು ಆಳ ಹೋಯಿತು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹರಿದದ್ದು ಈ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಚಿನ್ನಕ್ಕೆ ಬೆಳಕು ಬೇಕಿತ್ತು.

ಬಂಡೆಗೆ ತೂತು ಕೊರೆಯುವುದು, ಮದ್ದು ತುಂಬುವುದು, ಸಿಡಿಸುವುದು, ಒಡೆದ ಕಲ್ಲನ್ನು ತುಂಬಿ ಮೇಲಕ್ಕೆ ಕಳಿಸುವುದು. ಕೊರೆದಾಗ, ಸಿಡಿದಾಗ ಎರಡು ಎದ್ದವು. ಒಂದು ದೂಳು. ಗಾಜಿನಷ್ಟು ಗಟ್ಟಿಯಾದ ಸಿಲಿಕಾದ ಕಣ್ಣಿಗೆ ಕಾಣದ ಪುಡಿ. ಅದು ಎದೆಯೊಳಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ. ಸುತ್ತಲಿನ ಮಾಂಸ ಗಾಯವಾಗಿ, ಗಾಯ ಗಂಟಾಗಿ, ಶ್ವಾಸಕೋಶ ನಿಧಾನಕ್ಕೆ ಕಲ್ಲಾಗುತ್ತದೆ. ಸಿಲಿಕೋಸಿಸ್ ಅಂದರೆ ಇದೆ. ಎರಡನೆಯದು ಸಿಡಿತದ ಹೊಗೆ. ಸಿಡಿಮದ್ದಿನ ಹೊಗೆಯಲ್ಲಿ ಸಾರಜನಕದ ಆಕ್ಸೈಡುಗಳು ಇರುತ್ತವೆ. ಅಂದರೆ ಇಂದು ಸಿಲಿಂಡರಿನಲ್ಲಿ ಅಳೆದು ತೂಗಿ ಕೊಡುವ ಈ ಅನಿಲವನ್ನು ಗಣಿಯ ಕೂಲಿ ಬಹುಮಾನದವರಿಗಿಂತ ಎಷ್ಟೋ ದಶಕ ಮುಂಚೆ ಉಸಿರಾಡಿದ್ದಾನೆ. ವಿಷವಾಗಿ ಉಸಿರಾಡಿದ್ದಾನೆ, ಅಳತೆಯಿಲ್ಲದೆ ಉಸಿರಾಡಿದ್ದಾನೆ. ಒಂದೇ ವಸ್ತು ಅಳತೆಯಲ್ಲಿ ಕೊಟ್ಟರೆ ಮದ್ದು, ಅಳತೆ ತಪ್ಪಿದರೆ ವಿಷ. ಅಳತೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನುವುದನ್ನು ರಸಾಯನಶಾಸ್ತ್ರ ತೀರ್ಮಾನಿಸಲಿಲ್ಲ.

ಆ ಗಣಿಯ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದ ವರದಿಯೊಂದು 1947ರಲ್ಲಿ ಬಂತು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯ ಎದೆಯಲ್ಲಿ ಸಿಲಿಕೋಸಿಸ್ ಕಂಡಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅದು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಕೆಲಸ ಹೋಯಿತು, ಚಿನ್ನ ಹೋಯಿತು. ಸೈನೈಡು ತೊಳೆದ ಮಣ್ಣಿನ ಗುಡ್ಡಗಳು ಮಾತ್ರ ಊರ ಪಕ್ಕದಲ್ಲೇ ಉಳಿದವು. ದೂಳು ಕುಡಿದ ಎದೆಗಳೂ ಉಳಿದವು. ದುಡಿಮೆಯೇ ಪೂಜೆ ಅಂತ ವೇದಿಕೆ ಮೇಲೆ ನಿಂತು ಹೇಳುವವರು ಒಂದು ಸಲ ದುಡಿದವನ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಬೇಕು.

*

ಈಗ ಔಷಧಿಯ ಮಾತಿಗೆ ಬರೋಣ. ಇಲ್ಲಿ ಸಿಟ್ಟಿಗಿಂತ ತಾಳ್ಮೆ ಬೇಕು. ನಮ್ಮ ಜನಕ್ಕೆ ಸುಳ್ಳು ಆಸೆ ಮಾರಿದವರು ಬೇಕಾದಷ್ಟು ಇದ್ದಾರೆ, ಅವರ ಸಾಲಿಗೆ ನಾವು ಸೇರಬಾರದು.

ನೈಟ್ರಿಕ್ ಆಕ್ಸೈಡನ್ನು ಉಸಿರಿನಲ್ಲಿ ಕೊಡುವುದರ ದೊಡ್ಡ ಗುಣ ಏನೆಂದರೆ, ಅದು ಶ್ವಾಸಕೋಶ ದಾಟಿ ಆಚೆ ಹೋಗುವುದಿಲ್ಲ. ರಕ್ತಕ್ಕೆ ಇಳಿದ ಕೂಡಲೆ ಹಿಮೋಗ್ಲೋಬಿನ್ ಅದನ್ನು ಹಿಡಿದು ಮುಗಿಸಿಬಿಡುತ್ತದೆ. ಹಾಗಾಗಿ ಮೈಯ ಉಳಿದ ಕಡೆ ರಕ್ತದೊತ್ತಡ ಬೀಳುವುದಿಲ್ಲ. ಹುಟ್ಟಿದ ಕೂಡಲೆ ಶ್ವಾಸಕೋಶದ ನಾಳಗಳು ತೆರೆಯದೆ ನೀಲಿಗಟ್ಟುವ ಕೂಸುಗಳಿಗೆ ಇದು ವರವಾಯಿತು. 1999ರಲ್ಲಿ ಅಮೆರಿಕದ ಔಷಧ ಇಲಾಖೆ ಅಂಥ ಕೂಸುಗಳಿಗೆ ಇದನ್ನು ಕೊಡಲು ಒಪ್ಪಿತು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಇಪ್ಪತ್ತು ಭಾಗ, ಅಷ್ಟೇ ಪ್ರಮಾಣ. ಒಂದು ಹಸುಗೂಸಿನ ತುಟಿ ನೀಲಿಯಿಂದ ಕೆಂಪಿಗೆ ತಿರುಗಿದರೆ ಅದನ್ನು ಹೀಗಳೆಯುವ ಸಿದ್ಧಾಂತ ನಮಗೆ ಬೇಡ.

ಆದರೆ ವರ್ಷಗಟ್ಟಲೆ ಹೊಗೆ ಕುಡಿದ, ದೂಳು ಕುಡಿದ ಶ್ವಾಸಕೋಶ ಕೂಸಿನ ಶ್ವಾಸಕೋಶದಂತಲ್ಲ. ಅದರಲ್ಲಿ ಕೆಲವು ಗಾಳಿಗೂಡುಗಳಿಗೆ ಗಾಳಿ ಚೆನ್ನಾಗಿ ಹೋಗುತ್ತದೆ, ಕೆಲವಕ್ಕೆ ಹೋಗುವುದೇ ಕಷ್ಟ. ಗಾಳಿ ಬಾರದ ಗೂಡಿನ ಕಡೆಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶ ತಾನಾಗಿಯೇ ಬಿಗಿಯುತ್ತದೆ. ಅಲ್ಲಿಗೆ ಹೋಗಿ ರಕ್ತ ಬರಿಗೈಲಿ ವಾಪಸು ಬರುವುದು ಬೇಡ, ಗಾಳಿ ಇರುವ ಕಡೆಗೆ ಹೋಗಲಿ ಅಂತ. 1946ರಲ್ಲಿ ಸ್ವೀಡನ್ನಿನ ಫಾನ್ ಆಯ್ಲರ್, ಲಿಲ್ಯೆಸ್ಟ್ರಾಂಡ್ ಇಬ್ಬರು ಬೆಕ್ಕುಗಳಲ್ಲಿ ಇದನ್ನು ಕಂಡರು. ಈಗ ಎಲ್ಲ ನಾಳಗಳನ್ನೂ ಸಡಿಲಿಸುವ ಮದ್ದು ಕೊಟ್ಟರೆ ಏನಾಗುತ್ತದೆ? ಗಾಳಿಯಿಲ್ಲದ ಕಡೆಗೂ ರಕ್ತ ಹರಿಯುತ್ತದೆ. ಒತ್ತಡ ಇಳಿಯುತ್ತದೆ, ಆದರೆ ರಕ್ತದ ಆಮ್ಲಜನಕವೂ ಇಳಿಯುತ್ತದೆ. ಸಿ.ಒ.ಪಿ.ಡಿ. ರೋಗಿಗಳಲ್ಲಿ 1990ರ ದಶಕದಲ್ಲೇ ಇದು ಕಂಡಿತು. ಹೃದಯಕ್ಕೆ ಉಪಕಾರ, ಉಸಿರಿಗೆ ಅಪಕಾರ.

ಇದಕ್ಕೆ ಒಂದು ಉಪಾಯ ಹುಡುಕಿದರು. ಉಸಿರು ಎಳೆದುಕೊಳ್ಳುವ ಮೊದಲ ಗಳಿಗೆಯಲ್ಲಿ ಮಾತ್ರ ಅನಿಲದ ಒಂದು ಗುಟುಕು ಬಿಡುವುದು. ಮೊದಲ ಗುಟುಕು ಹೋಗುವುದು ಸಲೀಸಾಗಿ ಗಾಳಿಯಾಡುವ ಗೂಡುಗಳಿಗೆ. ಕೆಟ್ಟ ಗೂಡುಗಳಿಗೆ ತಲುಪುವ ಹೊತ್ತಿಗೆ ಅದು ಮುಗಿದಿರುತ್ತದೆ. ಆಸ್ಟ್ರಿಯದಲ್ಲಿ ನಲವತ್ತು ಸಿ.ಒ.ಪಿ.ಡಿ. ರೋಗಿಗಳಿಗೆ ಹೀಗೆ ಮೂರು ತಿಂಗಳು ಆಮ್ಲಜನಕದ ಜೊತೆ ಕೊಟ್ಟ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಒತ್ತಡ ಇಳಿದಿತ್ತು, ಆಮ್ಲಜನಕ ಕೆಟ್ಟಿರಲಿಲ್ಲ. ಆಸೆ ಹುಟ್ಟಿತು.

ಆಮೇಲೆ ಬಂದ ಸುದ್ದಿಗಳು ಆಸೆಯನ್ನು ತಗ್ಗಿಸಿದವು. ಈ ಅನಿಲದ ಸಂದೇಶವನ್ನೇ ಜೋರು ಮಾಡುವ ರಿಯೊಸಿಗ್ವಾಟ್ ಎಂಬ ಮಾತ್ರೆ ಬೇರೆ ಕೆಲವು ಬಗೆಯ ಶ್ವಾಸಕೋಶ ಒತ್ತಡಕ್ಕೆ ಒಳ್ಳೆಯದು. ಆದರೆ ಕಾರಣ ತಿಳಿಯದೆ ಶ್ವಾಸಕೋಶ ಗಾಯಗಟ್ಟಿ ಗಡುಸಾದವರಿಗೆ ಕೊಟ್ಟು ನೋಡಿದಾಗ ಸಾವು ಹೆಚ್ಚಿದ್ದರಿಂದ 2016ರಲ್ಲಿ ಆ ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಿದರು. ಶ್ವಾಸಕೋಶ ಗಡುಸಾದವರಿಗೇ ಗುಟುಕು ಗುಟುಕಾಗಿ ಅನಿಲ ಕೊಡುವ ಹೆಗಲಿಗೆ ನೇತುಹಾಕುವ ಯಂತ್ರವನ್ನು ಬೆಲೆರೊಫಾನ್ ಎಂಬ ಅಮೆರಿಕದ ಕಂಪನಿ ಮಾಡಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದ ನಡಿಗೆಯನ್ನಲ್ಲ, ರೋಗಿ ತನ್ನ ದಿನದಲ್ಲಿ ಎಷ್ಟು ಹೊತ್ತು ಚುರುಕಾಗಿ ಓಡಾಡುತ್ತಾನೆ ಅನ್ನುವುದನ್ನು ಮೈಗೆ ಕಟ್ಟಿದ ಅಳತೆಯಂತ್ರದಿಂದ ಲೆಕ್ಕ ಹಾಕಿದರು. ಈ ಅಳತೆ ನಮಗೆ ಮೆಚ್ಚುಗೆ. ದುಡಿಯುವವನ ಆರೋಗ್ಯ ಕಾಗದದ ಮೇಲಿನ ಅಂಕಿಯಲ್ಲಿಲ್ಲ, ಅವನು ನೀರು ಹೊರಬಲ್ಲನೆ, ಮೆಟ್ಟಿಲು ಹತ್ತಬಲ್ಲನೆ ಅನ್ನುವುದರಲ್ಲಿದೆ. 2023ರ ಜೂನಿನಲ್ಲಿ ಫಲಿತಾಂಶ ಬಂತು. ಹುಸಿಮದ್ದು ಪಡೆದವರಿಗೂ ಮದ್ದು ಪಡೆದವರಿಗೂ ಆ ಅಳತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಕಂಪನಿ ಬಾಗಿಲು ಮುಚ್ಚುವ ದಾರಿ ಹಿಡಿಯಿತು.

ಹಾಗಂತ ದಾರಿಯೇ ಮುಚ್ಚಿದೆ ಅನ್ನುವಂತಿಲ್ಲ. ಇದೇ ರೋಗಿಗಳ ಒತ್ತಡಕ್ಕೆ ಬೇರೆ ಜಾತಿಯ ಒಂದು ಮದ್ದು, ಉಸಿರಿನಲ್ಲಿ ಎಳೆಯುವ ಟ್ರೆಪ್ರೊಸ್ಟಿನಿಲ್, ಪ್ರಯೋಗದಲ್ಲಿ ಗೆದ್ದು 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಆದರೆ ದೀರ್ಘಕಾಲದ ಶ್ವಾಸಕೋಶ ರೋಗಕ್ಕೆ ನೈಟ್ರಿಕ್ ಆಕ್ಸೈಡ್ ಸಾಬೀತಾದ ಚಿಕಿತ್ಸೆಯಲ್ಲ. ಅದು ಕಲ್ಲಾದ ಶ್ವಾಸಕೋಶವನ್ನು ಮತ್ತೆ ಮೆತ್ತಗೆ ಮಾಡುವುದಿಲ್ಲ. ಇದನ್ನು ನೇರವಾಗಿ ಹೇಳುವುದು ರೋಗಿಯ ಆಸೆ ಮುರಿಯುವುದಲ್ಲ, ಅವನನ್ನು ಮನುಷ್ಯನೆಂದು ಎಣಿಸುವುದು. ಮಕ್ಕಳಿಗೆ ಸಮಾಧಾನ ಹೇಳಿದ ಹಾಗೆ ನಮ್ಮವರಿಗೆ ಸುಳ್ಳು ಹೇಳುವ ಹಕ್ಕು ಪೂಜಾರಿಗೂ ಇಲ್ಲ, ಕಂಪನಿಗೂ ಇಲ್ಲ, ಕ್ರಾಂತಿಕಾರಿಗೂ ಇಲ್ಲ.

*

ಈ ಗಾಳಿಗೂಡಿನ ಕತೆಯನ್ನು ಕೇಳಿದ ಕೂಡಲೆ ಬುದ್ಧಿವಂತರೊಬ್ಬರು ಹೀಗನ್ನಬಹುದು: ನೋಡಿದಿರಾ, ದೇಹವೇ ಪಾಠ ಹೇಳುತ್ತಿದೆ, ಗಾಳಿ ಇಲ್ಲದ ಕಡೆಗೆ ರಕ್ತ ಹರಿಸಿದರೆ ಇಡೀ ದೇಹಕ್ಕೆ ನಷ್ಟ, ಹಾಗೇ ಯೋಗ್ಯತೆ ಇಲ್ಲದ ಕಡೆಗೆ ಸವಲತ್ತು ಹರಿಸಿದರೆ ದೇಶಕ್ಕೆ ನಷ್ಟ. ಮೀಸಲಾತಿಯ ಮಾತು ಬಂದಾಗಲೆಲ್ಲ ಈ ರಾಗ ಬೇರೆ ಬೇರೆ ತಾಳದಲ್ಲಿ ಕೇಳಿದ್ದೇವೆ.

ನಮ್ಮ ಜನ ದೇಹದ ಹೋಲಿಕೆಗೆ ಒಂದು ಸಲ ಸುಟ್ಟುಕೊಂಡವರು. ಒಬ್ಬ ಪುರುಷನ ಬಾಯಿಂದ ಒಬ್ಬ, ತೋಳಿನಿಂದ ಒಬ್ಬ, ತೊಡೆಯಿಂದ ಒಬ್ಬ, ಪಾದದಿಂದ ಒಬ್ಬ ಹುಟ್ಟಿದ ಅಂತ ಹೇಳಿದರು. ಐದನೆಯವನಿಗೆ ಆ ದೇಹದಲ್ಲಿ ಜಾಗವೇ ಇರಲಿಲ್ಲ. ಆ ಹೋಲಿಕೆಯನ್ನು ನಿಸರ್ಗದ ನಿಯಮ ಅಂತ ನಂಬಿಸಿ ನಮ್ಮನ್ನು ಎಷ್ಟು ಶತಮಾನ ಆಳಿದರು ಅನ್ನುವುದು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದ್ದರಿಂದ ದೇಹವನ್ನು ತೋರಿಸಿ ಸಮಾಜದ ನೀತಿ ಹೇಳುವ ಯಾರನ್ನೇ ಆಗಲಿ, ನಮ್ಮವರನ್ನೇ ಆಗಲಿ, ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಬೇಕು.

ಪ್ರಶ್ನೆ ಸರಳ. ಗಾಳಿಗೂಡಿಗೆ ಹಸಿವಾಗುತ್ತದೆಯೆ? ಅವಮಾನವಾಗುತ್ತದೆಯೆ? ಅದಕ್ಕೆ ಮಕ್ಕಳಿದ್ದಾರೆಯೆ? ರಕ್ತ ಬಾರದೆ ಮುಚ್ಚಿಹೋದ ಗೂಡಿನೊಳಗೆ ಯಾರೂ ಅಳುವುದಿಲ್ಲ. ಮುಚ್ಚಿಹೋದ ಕೇರಿಯೊಳಗೆ ಅಳುತ್ತಾರೆ. ದೇಹದ ಭಾಗ ದೇಹಕ್ಕಾಗಿ ಇದೆ. ಮನುಷ್ಯ ಸಮಾಜಕ್ಕಾಗಿ ಇರುವ ಭಾಗವಲ್ಲ, ಸಮಾಜವೇ ಮನುಷ್ಯರಿಗಾಗಿ ಇರಬೇಕಾದದ್ದು. ಇನ್ನೊಂದು ಮಾತೂ ಇದೆ. ಆ ಗೂಡಿಗೆ ಗಾಳಿ ಯಾಕೆ ಬರಲಿಲ್ಲ? ಹುಟ್ಟಿದಾಗಿನಿಂದ ಅಯೋಗ್ಯವಾಗಿತ್ತೆ? ಇಲ್ಲ. ದೂಳು ಹಾಕಿ ಮುಚ್ಚಿದರು. ಮುಚ್ಚಿದವನನ್ನು ಬಿಟ್ಟು ಮುಚ್ಚಿಹೋದದ್ದರ ಯೋಗ್ಯತೆ ಅಳೆಯುವುದು ವಿಜ್ಞಾನವಲ್ಲ, ಮನುವಿನ ಹಳೆಯ ಬುದ್ಧಿ.

ವಿಜ್ಞಾನದಿಂದ ನಾವು ತೆಗೆದುಕೊಳ್ಳಬೇಕಾದದ್ದು ಹೋಲಿಕೆಯಲ್ಲ, ಅದರ ಶಿಸ್ತು. ಒಳ್ಳೆಯ ಉದ್ದೇಶ ಸಾಲದು, ಕೊಟ್ಟದ್ದು ಎಲ್ಲಿಗೆ ತಲುಪಿತು, ತಲುಪಿ ಏನು ಮಾಡಿತು ಅಂತ ನೋಡಬೇಕು ಅನ್ನುವ ಶಿಸ್ತು. ಎಲ್ಲ ಕಡೆ ಸಡಿಲಿಸಿದರೆ ಒಳ್ಳೆಯದೇ ಆಗುತ್ತದೆ ಅಂತ ನಂಬಿ ಕೂತಿದ್ದರೆ 2016ರ ಆ ಪ್ರಯೋಗದಲ್ಲಿ ಇನ್ನಷ್ಟು ಜನ ಸಾಯುತ್ತಿದ್ದರು. ಲೆಕ್ಕ ಇಟ್ಟದ್ದರಿಂದ ನಿಲ್ಲಿಸಿದರು. ನಮ್ಮ ಜನರ ಹೆಸರಿನಲ್ಲಿ ಖರ್ಚಾಗುವ ಯೋಜನೆಗಳಿಗೆ ಈ ಲೆಕ್ಕ ಯಾರು ಇಡುತ್ತಿದ್ದಾರೆ?

*

ನಮ್ಮ ಗೆಳೆಯರಲ್ಲಿ ಇಬ್ಬಗೆಯವರಿದ್ದಾರೆ. ಒಬ್ಬರು ಹೇಳುತ್ತಾರೆ: ಔಷಧಿಯ ಮಾತು ಬಿಡಿ, ಅದು ಬಂಡವಾಳಶಾಹಿಯ ಮುಲಾಮು, ದೂಳು ನಿಲ್ಲಿಸಿ, ಗಣಿ ಮಾಲೀಕನ ಕೊರಳಪಟ್ಟಿ ಹಿಡಿಯಿರಿ. ಇನ್ನೊಬ್ಬರು ಹೇಳುತ್ತಾರೆ: ರಾಜಕೀಯ ಆಮೇಲೆ, ಈಗ ಉಸಿರು ಹೋಗುತ್ತಿದೆ, ಮೊದಲು ಔಷಧಿ ತನ್ನಿ.

ಮೊದಲನೆಯವರ ಮಾತಿನಲ್ಲಿ ಸತ್ಯವಿದೆ, ಕರುಣೆ ಕಡಿಮೆ. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತು ಬೆಳಗು ಮಾಡುವವನಿಗೆ ನಾಳಿನ ಸಮಾನತೆ ಇವತ್ತಿನ ಉಸಿರಾಗುವುದಿಲ್ಲ. ಎರಡನೆಯವರ ಮಾತಿನಲ್ಲಿ ಕರುಣೆಯಿದೆ, ಆದರೆ ಆ ಕರುಣೆಯ ಬೆನ್ನಲ್ಲೇ ಒಂದು ಮೋಸ ನುಗ್ಗುತ್ತದೆ. ಔಷಧಿ ಕೊಟ್ಟವನು ದೊಡ್ಡವನಾಗುತ್ತಾನೆ, ಉಸಿರು ಕಿತ್ತವನು ಮರೆಯಾಗುತ್ತಾನೆ. ಸಾಲ ತೀರಿಸಬೇಕಾದವನು ದಾನ ಮಾಡಿದ ಪೋಸು ಕೊಡುತ್ತಾನೆ. ಇಲ್ಲೇ ಔಷಧಿ ನ್ಯಾಯದ ಜಾಗದಲ್ಲಿ ಬಂದು ಕೂರುವುದು.

ನಮ್ಮ ನಿಲುವು ಇದು. ದುಡಿದು ಉಸಿರು ಕಳೆದುಕೊಂಡವನಿಗೆ ಸಿಗುವ ಚಿಕಿತ್ಸೆ ದಾನವಲ್ಲ, ಬಾಕಿ. ಬಾಕಿ ಅಂದ ಮೇಲೆ ಕೊಡಬೇಕಾದವನ ಹೆಸರು ಇರಬೇಕು, ಮೊತ್ತ ಇರಬೇಕು, ವಾಯಿದೆ ಇರಬೇಕು. ಈ ಬಾಕಿಯಲ್ಲಿ ಮೂರು ಬಾಬ್ತು.

ಮೊದಲನೆಯದು, ರೋಗದ ಸರಿಯಾದ ಹೆಸರು. ಈ ಪುಟಗಳಲ್ಲಿ ಬರೆಯುವ ನಾವು ಬಹುಪಾಲು ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು. ನಮ್ಮ ಮನೆಗಳಲ್ಲಿ ಇದಕ್ಕೆ ದಮ್ಮು ಅಂದರು, ಗೂರಲು ಅಂದರು, ಉಬ್ಬಸ ಅಂದರು, ಹಣೆಬರಹ ಅಂದರು. ಊದುಗೊಳವೆ ಹಿಡಿದು ಹಸಿ ಸೌದೆಯ ಮುಂದೆ ಕೂತ ಅವ್ವಂದಿರು ಒಂದು ಬೀಡಿಯನ್ನೂ ಮುಟ್ಟದೆ ಬೀಡಿ ಸೇದಿದವರ ಹಾಗೆ ಕೆಮ್ಮಿದರು. ಕಲ್ಲು ಒಡೆದು ಬಂದವನಿಗೆ ಆಸ್ಪತ್ರೆಯಲ್ಲಿ ಟಿ.ಬಿ. ಅಂತ ಚೀಟಿ ಬರೆದು ಕಳಿಸುವುದು ಈ ದೇಶದ ಉದ್ದಕ್ಕೂ ನಡೆದಿದೆ. ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣಬಹುದು, ಸಿಲಿಕೋಸಿಸ್ ಇದ್ದವನಿಗೆ ಟಿ.ಬಿ. ಬೇಗ ಅಂಟುವುದೂ ನಿಜ. ಆದರೆ ಹೆಸರಿನಲ್ಲಿ ವ್ಯತ್ಯಾಸವಿದೆ. ಟಿ.ಬಿ. ಅಂದರೆ ಕ್ರಿಮಿಯ ತಪ್ಪು. ಸಿಲಿಕೋಸಿಸ್ ಅಂದರೆ ಕೆಲಸ ಕೊಟ್ಟವನು ಪರಿಹಾರ ಕೊಡಬೇಕಾದ ರೋಗ, ಅಂತ ಕಾನೂನೇ ಹೇಳುತ್ತದೆ. ಮಧ್ಯಪ್ರದೇಶದ ಆದಿವಾಸಿಗಳು ಗುಜರಾತಿನ ಬಿಳಿಕಲ್ಲಿನ ಪುಡಿ ಕಾರ್ಖಾನೆಗಳಿಗೆ ಕೂಲಿಗೆ ಹೋಗಿ ಇದೇ ರೋಗದಿಂದ ಸತ್ತರು. 238 ಮಂದಿಯ ಕುಟುಂಬಗಳಿಗೆ ತಲಾ ಮೂರು ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2016ರಲ್ಲಿ. ರೋಗದ ಹೆಸರು ಗಟ್ಟಿಯಾಗಿ ನಿಂತದ್ದರಿಂದ ಆ ಕೇಸು ನಿಂತಿತು.

ಎರಡನೆಯದು, ಗೊತ್ತಿರುವುದು ಮೊದಲು ಸಿಗಬೇಕು. ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆಯಾದ ಸಿ.ಒ.ಪಿ.ಡಿ. ರೋಗಿಗೆ ದಿನಕ್ಕೆ ಹದಿನೈದು ಗಂಟೆಗೆ ಕಮ್ಮಿಯಿಲ್ಲದೆ ಆಮ್ಲಜನಕ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ ಅಂತ 1980ರಲ್ಲಿ ಅಮೆರಿಕದ ಪ್ರಯೋಗವೂ 1981ರಲ್ಲಿ ಬ್ರಿಟನ್ನಿನ ಪ್ರಯೋಗವೂ ತೋರಿಸಿವೆ. ಇದು ನಲವತ್ತು ವರ್ಷದ ಹಳೆಯ ಜ್ಞಾನ. ಇದಕ್ಕೆ ನೊಬೆಲ್ ಬೇಡ, ಒಂದು ಯಂತ್ರ ಬೇಕು, ಕೈಕೊಡದ ಕರೆಂಟು ಬೇಕು. 1902ರಲ್ಲೇ ಚಿನ್ನಕ್ಕೆ ಕರೆಂಟು ಕೊಟ್ಟ ನಾಡಿನಲ್ಲಿ ಚಿನ್ನ ತೆಗೆದವನ ಉಸಿರಿಗೆ ಕರೆಂಟು ಇರಬೇಕಾದದ್ದು ದೊಡ್ಡ ಬೇಡಿಕೆಯಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಆದದ್ದನ್ನು ನಾವು ಮರೆತಿಲ್ಲ. ಸರ್ಕಾರ ಮೊದಲು ಕೊಟ್ಟ ಲೆಕ್ಕ 24 ಸಾವು, ಹೈಕೋರ್ಟು ನೇಮಿಸಿದ ಸಮಿತಿಯ ಲೆಕ್ಕ 36. ಹೊಸ ಅನಿಲದ ಪವಾಡ ಕೇಳಿ ಬೆರಗಾಗುವ ಮುಂಚೆ ಹಳೆಯ ಅನಿಲ ತಾಲ್ಲೂಕು ಆಸ್ಪತ್ರೆಗೆ ಬಂತೆ ಅಂತ ಕೇಳುವುದು ವಿಜ್ಞಾನದ ವಿರೋಧವಲ್ಲ. ವಿಜ್ಞಾನವನ್ನು ಬೀದಿಗೆ ಇಳಿಸುವ ದಾರಿಯೇ ಅದು.

ಮೂರನೆಯದು, ಹೊಸದು ಯಾವತ್ತಾದರೂ ಸಾಬೀತಾದರೆ ಅದು ದುಡ್ಡಿದ್ದವನ ಸೊತ್ತಾಗಬಾರದು. ಕೂಸುಗಳಿಗೆ ಒಪ್ಪಿಗೆ ಸಿಕ್ಕ ಮೇಲೆ ಅಮೆರಿಕದ ಆಸ್ಪತ್ರೆಗಳಿಗೆ ಕಂಪನಿ ಬಿಲ್ಲು ಬರೆದದ್ದು ಗಂಟೆ ಲೆಕ್ಕದಲ್ಲಿ. ಒಂದು ದಿನದ ಬಾಬ್ತು ಸಾವಿರಾರು ಡಾಲರ್. ಕೂಸು ಎಷ್ಟು ಗಂಟೆ ಉಸಿರಾಡಿತೋ ಅಷ್ಟು ಗಂಟೆಯ ಬಾಡಿಗೆ. ಎಡಹೃದಯ ದುರ್ಬಲವಾದ ಕೆಲವು ಕೂಸುಗಳಿಗೆ ಈ ಅನಿಲ ಕೊಡಬಾರದು ಅನ್ನುವ ಎಚ್ಚರಿಕೆಯ ಮೇಲೂ ಪೇಟೆಂಟು ಪಡೆದಿದ್ದರು. ಕೊಡುವುದರ ಮೇಲಲ್ಲ, ಕೊಡದಿರುವುದರ ಮೇಲೆ ಹಕ್ಕು! ನಿಸರ್ಗದ ಸಂಗತಿಗೆ ಪೇಟೆಂಟು ನಿಲ್ಲದು ಅಂತ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಲು 2019 ಆಗಬೇಕಾಯಿತು. ಇತ್ತ ವಿದ್ಯುತ್ತಿನ ಕಿಡಿ ಹಾರಿಸಿ, ಸಿಡಿಲು ಮಾಡುವ ಕೆಲಸವನ್ನೇ ಪುಟ್ಟ ಪೆಟ್ಟಿಗೆಯೊಳಗೆ ಮಾಡಿಸಿ, ಕೋಣೆಯ ಗಾಳಿಯಿಂದಲೇ ಈ ಅನಿಲ ತೆಗೆಯುವ ಯಂತ್ರ ಬಂದಿದೆ. 2022ರಲ್ಲಿ ಅಂಥದೊಂದಕ್ಕೆ ಅಮೆರಿಕದಲ್ಲಿ ಒಪ್ಪಿಗೆಯಾಯಿತು. ಕಚ್ಚಾವಸ್ತು ಏನು? ಗಾಳಿ. ಗಾಳಿಯ ದಣಿ ಯಾರು?

*

1927ರಲ್ಲಿ ಮಹಾಡಿನ ಕೆರೆಗೆ ಬಾಬಾಸಾಹೇಬರು ಜನರನ್ನು ಕರೆದುಕೊಂಡು ಹೋದದ್ದು ಬಾಯಾರಿಕೆಗಲ್ಲ. ಬಾಯಾರಿಕೆಗೆ ನೀರು ಬೇರೆ ಕಡೆ ಎಲ್ಲಾದರೂ ಸಿಗುತ್ತಿತ್ತು. ಎಲ್ಲರೂ ಕುಡಿಯುವ ನೀರು ನಮ್ಮದೂ ಹೌದು ಅಂತ ಸ್ಥಾಪಿಸಲು ಹೋದರು. ಒಂದು ಬೊಗಸೆ ನೀರು ಕುಡಿದದ್ದು ಚರಿತ್ರೆಯಾಯಿತು. ಗಾಳಿಯ ವಿಷಯದಲ್ಲೂ ನಮ್ಮ ಬೇಡಿಕೆ ಒಂದು ಸಿಲಿಂಡರಿಗೆ ನಿಲ್ಲುವಂಥದ್ದಲ್ಲ. ದೂಳಿಲ್ಲದ ಕೆಲಸ, ಹೊಗೆಯಿಲ್ಲದ ಒಲೆ, ಕೆಟ್ಟ ಎದೆಗೆ ಹಕ್ಕಿನ ಚಿಕಿತ್ಸೆ, ಈ ಮೂರೂ ಒಂದೇ ಬೇಡಿಕೆ. ಇವುಗಳಲ್ಲಿ ಒಂದನ್ನು ಕೊಟ್ಟು ಉಳಿದದ್ದನ್ನು ಮರೆಸಲು ಬಂದವರನ್ನು ಗುರುತಿಸಬೇಕು.

ಹಳ್ಳಿಯ ಮೇಷ್ಟ್ರುಗಳು, ವಿದ್ಯಾರ್ಥಿಗಳು ಇವತ್ತಿನಿಂದಲೇ ಮಾಡಬಹುದಾದ ಕೆಲಸ ಇದೆ. ನಿಮ್ಮ ಊರಲ್ಲಿ ಕಲ್ಲು ಕ್ವಾರಿ, ಕ್ರಷರು, ಹತ್ತಿ ಮಿಲ್ಲು, ಇಟ್ಟಿಗೆ ಗೂಡು ಏನಿದೆ ನೋಡಿ. ಅಲ್ಲಿ ದುಡಿದವರಲ್ಲಿ, ಒಲೆ ಮುಂದೆ ಕೂತವರಲ್ಲಿ ಯಾರಿಗೆ ದಮ್ಮು ಇದೆ ಅಂತ ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಎಷ್ಟು ವರ್ಷ ದುಡಿದರು, ಯಾರ ಕೈಕೆಳಗೆ, ಮಸ್ಟರ್ ರೋಲಿನಲ್ಲಿ ಹೆಸರಿತ್ತೆ, ಅದನ್ನೂ ಬರೆಯಿರಿ. ಹಳೆಯ ಎಕ್ಸ್‌ರೇಗಳನ್ನು ಬಿಸಾಕಬೇಡಿ ಅನ್ನಿ. ಚೀಟಿಯಲ್ಲಿ ಟಿ.ಬಿ. ಅಂತ ಇದ್ದರೆ, ಟಿ.ಬಿ.ಯ ಮಾತ್ರೆಯನ್ನು ನಿಲ್ಲಿಸದೆ, ಮಾಡಿದ ಕೆಲಸವನ್ನೂ ಡಾಕ್ಟರಿಗೆ ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ಒಂದು ಅರ್ಜಿ ಹಾಕಿ. ಹೊಸ ಅನಿಲದ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ, ಎಂಥ ರೋಗಿಗಳಲ್ಲಿ, ಯಾವ ಪ್ರಯೋಗದಲ್ಲಿ ಇದು ಸಾಬೀತಾಯಿತು ಅಂತ ಕೇಳಿ.

ಸೋಮವಾರದ ತಲೆನೋವನ್ನು ಬರೆದಿಟ್ಟವರು ಕಾರ್ಖಾನೆಯ ವೈದ್ಯರು, ಅನುಭವಿಸಿದವರು ಕಾರ್ಮಿಕರು. ಈ ಸಲ ಬರೆದಿಡುವವರೂ ನಾವೇ ಆಗಬೇಕು. ಆ ನೋಟುಬುಕ್ಕು ತುಂಬಿದ ದಿನ ಅದರ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಯ ಮೇಜಿನ ಮೇಲೆ ಇಡೋಣ. ಇನ್ನೊಂದು ಪ್ರತಿ ನಮ್ಮ ಬಳಿಯೇ ಇರಲಿ. ಬಾಕಿ ತೀರುವ ತನಕ ಲೆಕ್ಕ ನಮ್ಮ ಕೈಲಿರಬೇಕು.